ಹಿಂದಿ ಮಾತಾಡುವವರ ಧ್ವನಿ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೀಚ್ ಥೆರಪಿ ಓದುತ್ತಿರುವವರು, ಹೊಸದಾಗಿ ಕ್ಲಿನಿಕ್‌ಗೆ ಇಳಿದವರು, ಮತ್ತೆ ಅಲ್ಲಿಗೆ ಬರುವ ರೋಗಿಗಳ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಇಎನ್‌ಟಿ ವಿಭಾಗದಲ್ಲಿ ಹಿಂದಿ ಮಾತಾಡುವ ರೋಗಿಗಳು ಇದ್ದೇ ಇರುತ್ತಾರೆ. ನಮ್ಮ ಕೈಯಲ್ಲಿರುವ ಫಾರ್ಮ್ ಮಾತ್ರ ಎಷ್ಟೋ ಸಲ ಇಂಗ್ಲಿಷಿನದೇ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಧ್ವನಿ ಕೆಟ್ಟಿದೆಯೋ ಇಲ್ಲವೋ ಅಂತ ಕಿವಿಗೇ ಗೊತ್ತಾಗುತ್ತದಲ್ಲ, ಅದಕ್ಕೂ ಒಂದು ಪರೀಕ್ಷೆ ಬೇಕಾ?

ಗೊತ್ತಾಗುತ್ತದೆ, ನಿಜ. ಆದರೆ ನಿಮಗೆ 'ಸ್ವಲ್ಪ ಒರಟು' ಅನಿಸಿದ್ದು ಪಕ್ಕದವರಿಗೆ 'ತುಂಬಾ ಒರಟು' ಅನಿಸಬಹುದು. ಕೆಲವು ತಿಂಗಳು ಥೆರಪಿ ಆದ ಮೇಲೆ ಸುಧಾರಿಸಿದೆಯಾ ಅಂತ ಯಾರಾದರೂ ಕೇಳಿದರೆ ಬರೀ ನೆನಪು ನಂಬಿ ಉತ್ತರ ಕೊಡೋಕೆ ಆಗುವುದಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಒಂದೇ ಮಾತು ಹೇಳಿಸಿ, ಒಂದೇ ಪಟ್ಟಿ ಇಟ್ಟುಕೊಂಡು ಅಂಕ ಹಾಕುವ ರೂಢಿ ಬಂತು. ಗಂಟಲಿಗೆ ಕ್ಯಾಮೆರಾ ಇಳಿಸಿದರೆ ಧ್ವನಿತಂತು ಹೇಗಿದೆ ಅಂತ ಕಾಣುತ್ತದೆ. ಧ್ವನಿ ಹೇಗೆ ಕೇಳಿಸುತ್ತದೆ ಅನ್ನುವುದನ್ನು ಕಿವಿಯೇ ಹೇಳಬೇಕು. ಎರಡೂ ಬೇಕು.

ಕೇಪ್-ವಿ ಅಂದರೆ ಏನು?

ಕಿವಿಯಿಂದ ಕೇಳಿ ಧ್ವನಿಗೆ ಅಂಕ ಕೊಡುವ ಒಂದು ಪದ್ಧತಿ. 2002ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಧ್ವನಿ ತಜ್ಞರು ಸೇರಿ ನಡೆಸಿದ ಸಭೆಯಲ್ಲಿ ಇದು ಹುಟ್ಟಿತು. ಅದರ ಹಿಂದಿನ ವಿಚಾರ, ಬಳಸುವ ಕ್ರಮ ಎಲ್ಲ ವಿವರವಾಗಿ ಅಚ್ಚಾಗಿದ್ದು 2009ರಲ್ಲಿ.

ಇದರಲ್ಲಿ ನೋಡುವುದು ಆರು ಸಂಗತಿ: ಒಟ್ಟಾರೆ ತೊಂದರೆ ಎಷ್ಟಿದೆ, ಒರಟುತನ, ಗಾಳಿ ಬೆರೆತ ಧ್ವನಿ, ತಿಣುಕಾಟ, ಪಿಚ್ (ದನಿಯ ಶ್ರುತಿ), ಮತ್ತೆ ಗಟ್ಟಿತನ (ದನಿ ಎಷ್ಟು ಜೋರು). ಪ್ರತಿಯೊಂದಕ್ಕೂ 100 ಮಿಲಿಮೀಟರ್ ಉದ್ದದ ಒಂದು ಗೆರೆ ಇರುತ್ತದೆ. ಎಡ ತುದಿ ಅಂದರೆ ಏನೂ ತೊಂದರೆ ಇಲ್ಲ, ಬಲ ತುದಿ ಅಂದರೆ ತೀರಾ ಕೆಟ್ಟಿದೆ. ಕೇಳಿದವರು ತಮಗೆ ಅನಿಸಿದ ಕಡೆ ಅಡ್ಡಗೀಟು ಹಾಕುತ್ತಾರೆ, ಆಮೇಲೆ ಸ್ಕೇಲ್ ಇಟ್ಟು ಅಳೆಯುತ್ತಾರೆ. ತೊಂದರೆ ಉದ್ದಕ್ಕೂ ಇತ್ತಾ, ಬಂದು ಬಂದು ಹೋಗುತ್ತಿತ್ತಾ ಅನ್ನುವುದನ್ನೂ ಗುರುತು ಮಾಡಬೇಕು.

ರೋಗಿ ಮಾಡಬೇಕಾದದ್ದು ಮೂರು ಕೆಲಸ. 'ಆ' ಮತ್ತು 'ಈ' ಸ್ವರಗಳನ್ನು ಮೂರು ಮೂರು ಸಲ, ಮೂರರಿಂದ ಐದು ಸೆಕೆಂಡ್ ಎಳೆದು ಹೇಳಬೇಕು. ಗೊತ್ತುಮಾಡಿದ ಆರು ವಾಕ್ಯ ಹೇಳಬೇಕು. ಕೊನೆಗೆ ತಮ್ಮ ಧ್ವನಿಯ ತೊಂದರೆ ಬಗ್ಗೆ ಸುಮಾರು 20 ಸೆಕೆಂಡ್ ಆದರೂ ಸಹಜವಾಗಿ ಮಾತಾಡಬೇಕು.

ಸ್ವರ ಎಳೆಯುವುದಕ್ಕೆ ಭಾಷೆಯ ಹಂಗು ಜಾಸ್ತಿ ಇಲ್ಲ. ತಲೆನೋವು ಇರುವುದೆಲ್ಲ ಆ ಆರು ವಾಕ್ಯಗಳಲ್ಲಿ.

ಜಿಆರ್‌ಬಿಎಎಸ್ ಬಳಸಿದರೆ ಸಾಲದಾ? ಅದು ಸುಲಭ ಅಲ್ವಾ?

ಸುಲಭ, ಬೇಗ ಮುಗಿಯುತ್ತದೆ. ಜಪಾನಿನಲ್ಲಿ ರೂಪುಗೊಂಡು 1981ರಿಂದ ಈಚೆಗೆ ಜಗತ್ತಿನಾದ್ಯಂತ ಹರಡಿದ, ಇದೇ ಥರ ಕಿವಿಯಿಂದ ಕೇಳಿ ಅಂಕ ಕೊಡುವ ಪದ್ಧತಿ ಅದು. 0, 1, 2, 3 ಅಂತ ನಾಲ್ಕೇ ಮೆಟ್ಟಿಲು. ಹಾಗಾಗಿ ಸಣ್ಣ ಸುಧಾರಣೆ ಅದರಲ್ಲಿ ಕಾಣುವುದಿಲ್ಲ. ರೋಗಿ 2ರಲ್ಲೇ ಉಳಿದಿರುತ್ತಾರೆ, ಮನೆಯವರು 'ಮೊದಲಿಗಿಂತ ಎಷ್ಟೋ ವಾಸಿ' ಅನ್ನುತ್ತಿರುತ್ತಾರೆ. ಇನ್ನೊಂದು ವಿಷಯ, ಇಂಥದ್ದನ್ನೇ ಹೇಳಿಸಬೇಕು ಅಂತ ಅದರಲ್ಲಿ ಕಟ್ಟುನಿಟ್ಟಿಲ್ಲ. ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಒಂದು ನೋಟಕ್ಕೆ ಅದು ಸಾಕು. ಥೆರಪಿಗೆ ಮುಂಚೆ ಮತ್ತು ನಂತರ ಹೋಲಿಸಬೇಕಾದರೆ ನನ್ನ ಮತ ಕೇಪ್-ವಿಗೇ.

ಆ ಆರು ಇಂಗ್ಲಿಷ್ ವಾಕ್ಯಗಳನ್ನು ಹಿಂದಿಗೆ ಅನುವಾದ ಮಾಡಿಕೊಂಡರೆ ಆಯಿತಲ್ಲ?

ಆಗುವುದಿಲ್ಲ. ಅತಿ ಜಾಸ್ತಿ ಕೇಳುವ ಪ್ರಶ್ನೆಯೂ ಇದೇ, ಅತಿ ಜಾಸ್ತಿ ಎಡವುವ ಜಾಗವೂ ಇದೇ.

ಆ ವಾಕ್ಯಗಳ ಅರ್ಥಕ್ಕೆ ಅಲ್ಲಿ ಬೆಲೆಯೇ ಇಲ್ಲ. ಒಂದೊಂದು ವಾಕ್ಯಕ್ಕೂ ಒಂದೊಂದು ಕೆಲಸ ಕೊಟ್ಟಿದ್ದಾರೆ. ಮೊದಲನೆಯದು 'ದ ಬ್ಲೂ ಸ್ಪಾಟ್ ಈಸ್ ಆನ್ ದ ಕೀ ಅಗೇನ್'. ಅದರ ಕೆಲಸ ಇಂಗ್ಲಿಷಿನ ಬಗೆಬಗೆಯ ಸ್ವರಗಳನ್ನು ಒಂದೇ ಕಡೆ ಕೇಳಿಸುವುದು. ಇದನ್ನು 'ನೀಲಾ ಧಬ್ಬಾ ಫಿರ್ ಸೇ ಚಾಬೀ ಪರ್ ಹೈ' ಅಂತ ಹಿಂದಿಗೆ ತಂದರೆ ಅರ್ಥ ಸರಿಯಾಗಿ ಬರುತ್ತದೆ. ಸ್ವರ ಲೆಕ್ಕ ಹಾಕಿ ನೋಡಿ: ಉ, ಊ, ಓ, ಔ ನಾಲ್ಕೂ ನಾಪತ್ತೆ.

ಮೂರನೆಯದು 'ವೀ ವರ್ ಅವೇ ಎ ಇಯರ್ ಅಗೋ'. ಇದರಲ್ಲಿರುವುದೆಲ್ಲ ಘೋಷ ಧ್ವನಿಗಳು. ಅಂದರೆ ಶುರುವಿನಿಂದ ಕೊನೆಯವರೆಗೆ ಧ್ವನಿತಂತುಗಳು ನಿಲ್ಲದೆ ಅದುರುತ್ತಲೇ ಇರಬೇಕು. ನಡುವೆ ಧ್ವನಿ ತುಂಡಾದರೆ, ಅದು ಅಕ್ಷರದಿಂದ ಬಂದದ್ದಲ್ಲ, ಗಂಟಲಿನಿಂದ ಬಂದದ್ದು ಅಂತ ತಿಳಿಯುತ್ತದೆ. ಧ್ವನಿಪೆಟ್ಟಿಗೆ ಇದ್ದಕ್ಕಿದ್ದಂತೆ ಬಿಗಿದುಕೊಳ್ಳುವ ಕಾಯಿಲೆ ಇರುವವರಲ್ಲಿ ಇದೇ ವಾಕ್ಯ ಗುಟ್ಟು ಬಿಟ್ಟುಕೊಡುವುದು. ಈಗ ಹಿಂದಿ ಅನುವಾದ ನೋಡಿ: 'ಹಮ್ ಏಕ್ ಸಾಲ್ ಪಹಲೇ ದೂರ್ ಥೇ'. ಕ್, ಸ, ಪ, ಥ ಬಂದು ಕೂತವು. ಆ ನಾಲ್ಕರಲ್ಲೂ ಧ್ವನಿ ತಾನಾಗೇ ನಿಲ್ಲುತ್ತದೆ. ಪರೀಕ್ಷೆಯ ಕತೆ ಅಲ್ಲಿಗೆ ಮುಗಿಯಿತು.

ನಾಲ್ಕನೆಯದು ಇನ್ನೂ ಮಜಾ. 'ವೀ ಈಟ್ ಎಗ್ಸ್ ಎವ್ರಿ ಈಸ್ಟರ್'. ಸ್ವರದಿಂದ ಶುರುವಾಗುವ ಪದಗಳನ್ನು ಸಾಲಾಗಿ ಇಟ್ಟು, ರೋಗಿ ಪ್ರತಿ ಪದವನ್ನೂ ಗಂಟಲಿಗೆ ಪೆಟ್ಟು ಕೊಟ್ಟು ಶುರುಮಾಡುತ್ತಾರಾ ಅಂತ ನೋಡುವ ವಾಕ್ಯ ಇದು. 'ಹಮ್ ಹರ್ ಈಸ್ಟರ್ ಪರ್ ಅಂಡೇ ಖಾತೇ ಹೈಂ' ಅಂದಾಗ ಏಳು ಪದಗಳಲ್ಲಿ ಸ್ವರದಿಂದ ಶುರುವಾಗುವುದು ಎರಡೇ. ಅದರ ಮೇಲೆ ಮೊಟ್ಟೆ ಮುಟ್ಟದ ಮನೆಯ ಅಜ್ಜಿಯ ಬಾಯಲ್ಲಿ 'ನಾವು ಈಸ್ಟರ್‌ಗೆ ಮೊಟ್ಟೆ ತಿನ್ನುತ್ತೇವೆ' ಅಂತ ಹೇಳಿಸಬೇಕು! ಅವರು ನಗುತ್ತಾರೆ, ಇಲ್ಲವೇ ಮುಖ ಕಿವುಚುತ್ತಾರೆ. ಎರಡರಲ್ಲೂ ಧ್ವನಿ ಸಹಜವಾಗಿ ಬರುವುದಿಲ್ಲ.

ಹಾಗಾದರೆ ಹಿಂದಿ ವಾಕ್ಯ ಹೇಗಿರಬೇಕು? ಒಂದೆರಡು ಮಾದರಿ ತೋರಿಸಿ.

ವಾಕ್ಯದ ಕೆಲಸ ಉಳಿಸಿಕೊಂಡು, ಮಾತನ್ನು ಹಿಂದಿಯಲ್ಲೇ ಹೊಸದಾಗಿ ಕಟ್ಟಬೇಕು. ಕೆಳಗಿನವು ವಿಷಯ ಅರ್ಥವಾಗಲಿ ಅಂತ ನಾನೇ ಕಟ್ಟಿದವು. ಪರೀಕ್ಷಿಸಿ ಒಪ್ಪಿದ ವಾಕ್ಯಗಳಲ್ಲ, ಹಾಗಾಗಿ ನೇರವಾಗಿ ಕ್ಲಿನಿಕ್‌ಗೆ ಒಯ್ಯಬೇಡಿ.

ಹಿಂದಿಯ ಹತ್ತೂ ಸ್ವರ ಬರಬೇಕಾದರೆ: 'ಉಸ್ ದಿನ್ ಮೈಂ ಔರ್ ಮೇರೀ ಬೂಆ ಘರ್ ಕೋ ಲೌಟೇ'. ಆ ದಿನ ನಾನೂ ಸೋದರತ್ತೆಯೂ ಮನೆಗೆ ಮರಳಿದೆವು ಅಂತ.

ಎಲ್ಲ ಘೋಷ ಧ್ವನಿ ಬೇಕಾದರೆ: 'ಆಜ್ ಮೇರೀ ಬಡೀ ದೀದೀ ಆ ಗಯೀ'. ಎಲ್ಲೂ ಧ್ವನಿ ನಿಲ್ಲುವ ಅಕ್ಷರ ಇಲ್ಲ.

ಸ್ವರದಿಂದ ಶುರುವಾಗುವ ಪದಗಳಿಗೆ: 'ಆಜ್ ಇಮಲೀ ಔರ್ ಆಮ್ ಆಯೇ'. ಐದಕ್ಕೆ ಐದೂ ಸ್ವರವೇ.

ಅನುನಾಸಿಕಗಳಿಗೆ: 'ಮೇರೀ ನಾನೀ ಮುಂಬಯೀ ಮೇಂ ಹೈಂ'. ಮೂಗು ಕಟ್ಟಿದ್ದರೆ 'ಮ' 'ಬ' ಆಗುತ್ತದೆ, 'ನ' 'ದ' ಆಗುತ್ತದೆ. ಆಗ 'ಮೇರೀ ನಾನೀ' ಹೋಗಿ 'ಬೇರೀ ದಾದೀ' ಅಂತ ಕೇಳುತ್ತದೆ. ತಾಯಿಯ ತಾಯಿ ಇದ್ದಕ್ಕಿದ್ದಂತೆ ತಂದೆಯ ತಾಯಿ ಆಗಿಬಿಡುತ್ತಾರೆ. ಕೇಳುವವರ ಕಿವಿಗೆ ಇದಕ್ಕಿಂತ ಸ್ಪಷ್ಟ ಸುಳಿವು ಬೇಕಾ?

'ಹ'ಕಾರದ ವಾಕ್ಯ ಕಟ್ಟುವಾಗ ಒಂದು ಎಚ್ಚರ. ಇಂಗ್ಲಿಷಿನ 'ಹೌ ಹಾರ್ಡ್ ಡಿಡ್ ಹೀ ಹಿಟ್ ಹಿಮ್' ವಾಕ್ಯ ಮೆತ್ತಗೆ ಧ್ವನಿ ಶುರುಮಾಡಿಸುವುದಕ್ಕಾಗಿ ಇದೆ. ಹಿಂದಿಯಲ್ಲಿ ಬರೆಯುವ 'ಹ' ಎಲ್ಲವೂ ಬಾಯಿಗೆ ಬರುವುದಿಲ್ಲ. 'ವಹ್' ಅಂತ ಬರೆದದ್ದನ್ನು 'ವೋ' ಅನ್ನುತ್ತಾರೆ, 'ಯಹ್' ಅಂತ ಬರೆದದ್ದನ್ನು 'ಯೇ' ಅನ್ನುತ್ತಾರೆ. ಹಾಗಾಗಿ ಪದದ ಮೊದಲಲ್ಲೇ 'ಹ' ಇರುವ ಪದ ಆರಿಸಬೇಕು. 'ಹರ್ ಹಫ್ತೇ ಹರಿ ಹಲ್ವಾ ಖಾತಾ ಹೈ' ಅನ್ನುವ ಥರದ್ದು.

ಕೊನೆಯದು 'ಪೀಟರ್ ವಿಲ್ ಕೀಪ್ ಅಟ್ ದ ಪೀಕ್'. ಇದು ಪ, ಟ, ಕಗಳದ್ದು. ಬಾಯೊಳಗೆ ಗಾಳಿಯ ಒತ್ತಡ ನಿಲ್ಲುತ್ತದಾ, ಮೂಗಿನಿಂದ ಸೋರುತ್ತದಾ ಅಂತ ಇಲ್ಲಿ ತಿಳಿಯುತ್ತದೆ. ಹಿಂದಿಗೆ 'ಪಪ್ಪೂ, ಪಕಾ ಪಪೀತಾ ಕಾಟೋ' ಅಂದರೆ ಸುಲಭವಾಗಿ ಆಯಿತು ಅನಿಸುತ್ತದೆ. ಆದರೆ ಇಂಗ್ಲಿಷರು 'ಪೀಟರ್' ಅನ್ನುವಾಗ ಮೊದಲ 'ಪ' ಜೊತೆ ಒಂದು ಪುಟ್ಟ ಗಾಳಿ ಹೊರಡುತ್ತದೆ. ಅದು ಹಿಂದಿಯ 'ಪ'ಕ್ಕಿಂತ 'ಫ'ಕ್ಕೆ ಹತ್ತಿರ. ಆ ಗಾಳಿ ಮುಗಿದ ಮೇಲೆ ಧ್ವನಿತಂತು ಅದುರಲು ಶುರು. ಹಿಂದಿಯ, ನಮ್ಮ ಕನ್ನಡದ 'ಪ'ದಲ್ಲಿ ತುಟಿ ತೆರೆದ ಕೂಡಲೇ ಅದುರು ಶುರುವಾಗುತ್ತದೆ. ಧ್ವನಿತಂತು ಎಷ್ಟು ಚುರುಕಾಗಿ ಸೇರುತ್ತವೆ ಅಂತ ನೋಡುವುದಾದರೆ ಈ ಎರಡು ಒಂದೇ ಅಲ್ಲ. ಅಲ್ಪಪ್ರಾಣ ಮಾತ್ರ ಇಡುತ್ತೀರಾ, ಖ, ಠ, ಥಗಳನ್ನೂ ಸೇರಿಸುತ್ತೀರಾ ಅನ್ನುವುದನ್ನು ಮೊದಲೇ ಕೂತು ಗೊತ್ತುಮಾಡಿಕೊಳ್ಳಬೇಕು.

ಮಹಾಪ್ರಾಣದಿಂದ ಅಂಕ ತಪ್ಪುತ್ತದೆ ಅನ್ನುತ್ತಾರೆ. ಅದು ಹೇಗೆ?

ಭ, ಧ, ಘ, ಝ, ಢ ಹೇಳುವಾಗ ಧ್ವನಿತಂತು ಪೂರ್ತಿ ಮುಚ್ಚಿರುವುದಿಲ್ಲ. ಅದುರುತ್ತಾ ಇರುವಾಗಲೇ ಸಂದಿನಿಂದ ಗಾಳಿ ಹೊರಗೆ ಬರುತ್ತದೆ. ಆ ಗಾಳಿ ಮುಂದಿನ ಸ್ವರದ ಮೊದಲ ಭಾಗಕ್ಕೂ ಅಂಟಿಕೊಳ್ಳುತ್ತದೆ. ಹಿಂದಿ ಮಾತಾಡುವವರಿಗೆ ಇದು ಅಕ್ಷರ, ಅಷ್ಟೆ. 'ಬಾಲೂ' ಅಂದರೆ ಮರಳು, 'ಭಾಲೂ' ಅಂದರೆ ಕರಡಿ.

ಈಗ ಇದನ್ನು ಕೇಳಿ ಅಂಕ ಕೊಡುವವರ ಜಾಗದಲ್ಲಿ ಕೂತು ನೋಡಿ. 'ಗಾಳಿ ಬೆರೆತ ಧ್ವನಿ' ಅನ್ನುವ ಗೆರೆ ಮುಂದಿದೆ. ಧ್ವನಿತಂತಿನಲ್ಲಿ ಗಂಟಾಗಿ ಸಂದು ಉಳಿದರೂ ಗಾಳಿ ಸೋರುತ್ತದೆ, ಒಂದು ಕಡೆಯ ತಂತು ಸ್ವಾಧೀನ ತಪ್ಪಿದರೂ ಸೋರುತ್ತದೆ, 'ಭಾಲೂ' ಅಂದರೂ ಸೋರುತ್ತದೆ. ವಾಕ್ಯದ ತುಂಬ ಭ, ಧ, ಘ ಇದ್ದರೆ ಆರೋಗ್ಯವಾಗಿರುವವರ ಧ್ವನಿಗೂ ಒಂದಷ್ಟು ಅಂಕ ಏರಿಬಿಡುತ್ತದೆ. ಇದರಲ್ಲಿ ಇಂಗ್ಲಿಷ್ ಕಿವಿಯವರಷ್ಟೇ ಅಲ್ಲ, ನಾವೂ ಜಾರಬಹುದು. ದಿನದ ಮಾತಿನಲ್ಲಿ 'ಭೂಮಿ'ಯನ್ನು 'ಬೂಮಿ' ಅಂತಲೇ ಅನ್ನುವ ಕನ್ನಡಿಗರು ಎಷ್ಟಿಲ್ಲ!

ಹಾಗಂತ ಮಹಾಪ್ರಾಣ ಪೂರ್ತಿ ತೆಗೆದುಹಾಕಿದರೆ ಅದು ಹಿಂದಿ ಅನಿಸುವುದೇ ಇಲ್ಲ. ಒಂದು ವಾಕ್ಯದಲ್ಲಿ ಬೇಕೆಂದೇ ಇಡಿ, ಉಳಿದವುಗಳಲ್ಲಿ ಕಡಿಮೆ ಮಾಡಿ. ಎಳೆದು ಹೇಳಿದ 'ಆ'ದಲ್ಲಿ ಗಾಳಿ ಇಲ್ಲ, ಮಹಾಪ್ರಾಣದ ವಾಕ್ಯದಲ್ಲಿ ಮಾತ್ರ ಇದೆ ಅಂದರೆ ಮೊದಲು ಭಾಷೆಯ ಮೇಲೆ ಅನುಮಾನ ಪಡಿ. ಎರಡರಲ್ಲೂ ಇದ್ದರೆ ಗಂಟಲಿನ ಮೇಲೆ.

ಮೂಗಿನ ಸ್ವರಗಳದ್ದೂ ಇದೇ ಕತೆ. 'ಮಾಂ', 'ನಹೀಂ', 'ಹೈಂ' ಇವುಗಳಲ್ಲಿ ಸ್ವರವೇ ಮೂಗಿನಿಂದ ಬರಬೇಕು. ಕನ್ನಡದಲ್ಲಿ ಅಂಥ ಸ್ವರಗಳು ಪದದ ಅರ್ಥ ಬದಲಿಸದ ಕಾರಣ ನಮ್ಮ ಕಿವಿಗೆ 'ಮೂಗಿನಲ್ಲಿ ಮಾತಾಡುತ್ತಾರೆ' ಅನಿಸಬಹುದು. ಅದು ದೋಷ ಅಲ್ಲ.

ಸಿದ್ಧವಾದ ಹಿಂದಿ ಕೇಪ್-ವಿ ಇದೆಯಾ? ಅಥವಾ ನಾವೇ ಮಾಡಿಕೊಳ್ಳಬೇಕಾ?

ಇದೆ. ಭಾಷೆಗೂ ಸಂಸ್ಕೃತಿಗೂ ಹೊಂದಿಸಿದ ಹಿಂದಿ ರೂಪ 2020ರಲ್ಲಿ ಅಮೆರಿಕದ ಸ್ಪೀಚ್-ಹಿಯರಿಂಗ್ ಸಂಘ ಹೊರತರುವ ಜರ್ನಲ್ ಒಂದರಲ್ಲಿ ಪ್ರಕಟವಾಗಿದೆ. ಮೊದಲು ಅದನ್ನು ಹುಡುಕಿ ಓದಿ. ಇಟಾಲಿಯನ್, ಸ್ಪ್ಯಾನಿಷ್, ಟರ್ಕಿಶ್, ಪರ್ಷಿಯನ್ ಭಾಷೆಗಳಿಗೂ ಇದೇ ದಾರಿಯಲ್ಲಿ ಬೇರೆ ಬೇರೆ ತಂಡಗಳು ರೂಪ ಕೊಟ್ಟಿವೆ. ಪ್ರತಿ ಕ್ಲಿನಿಕ್ಕೂ ತನ್ನದೇ ಆರು ವಾಕ್ಯ ಕಟ್ಟಿಕೊಂಡು ಕೂತರೆ ಒಬ್ಬರ ಅಂಕವನ್ನು ಇನ್ನೊಬ್ಬರ ಅಂಕದ ಪಕ್ಕ ಇಡೋಕೆ ಆಗುವುದಿಲ್ಲ. ಪರೀಕ್ಷೆ ಮಾಡಿದ ಉದ್ದೇಶವೇ ಹಾಳು.

ಹೊಸ ರೂಪ ಸರಿಯಾಗಿದೆ ಅಂತ ತೀರ್ಮಾನಿಸುವುದು ಹೇಗೆ?

ಧ್ವನಿ ತೊಂದರೆ ಇರುವವರು, ಇಲ್ಲದವರು ಇಬ್ಬರನ್ನೂ ರೆಕಾರ್ಡ್ ಮಾಡುತ್ತಾರೆ. ಯಾರು ಯಾರೆಂದು ತಿಳಿಸದೆ, ಕ್ರಮ ಕಲಸಿ, ಅನುಭವಿ ಥೆರಪಿಸ್ಟ್‌ಗಳಿಗೆ ಕೇಳಿಸುತ್ತಾರೆ. ಆಮೇಲೆ ಕೆಲವು ಪ್ರಶ್ನೆ. ಬೇರೆ ಬೇರೆ ಕೇಳುಗರು ಹತ್ತಿರ ಹತ್ತಿರದ ಅಂಕ ಕೊಟ್ಟರಾ? ಒಬ್ಬರಿಗೇ ಅದೇ ರೆಕಾರ್ಡಿಂಗ್ ಕೆಲವು ದಿನ ಬಿಟ್ಟು ಮತ್ತೆ ಕೇಳಿಸಿದಾಗ ಅವರ ಅಂಕ ಅವರಿಗೇ ಹೊಂದುತ್ತದಾ? ತೊಂದರೆ ಇರುವವರ ಅಂಕ ಇಲ್ಲದವರ ಅಂಕದಿಂದ ದೂರ ನಿಲ್ಲುತ್ತದಾ? ಜಿಆರ್‌ಬಿಎಎಸ್‌ನಂಥ ಹಳೆಯ ಪದ್ಧತಿ ಹೇಳಿದ್ದಕ್ಕೆ ತಾಳೆ ಆಗುತ್ತದಾ?

ಸಾಮಾನ್ಯವಾಗಿ ಒಟ್ಟಾರೆ ತೊಂದರೆಯ ಗೆರೆಯಲ್ಲಿ ಕೇಳುಗರು ಚೆನ್ನಾಗಿ ಒಪ್ಪುತ್ತಾರೆ. ತಿಣುಕಾಟದ ಗೆರೆಯಲ್ಲಿ ಜಗಳ ಜಾಸ್ತಿ. ಇದು ಹಿಂದಿಯ ತಪ್ಪಲ್ಲ, ಇಂಗ್ಲಿಷಿನಲ್ಲೂ ಹಾಗೇ. ತಿಣುಕಾಟವನ್ನು ಅರ್ಧ ಕಿವಿಯಿಂದ, ಇನ್ನರ್ಧ ರೋಗಿಯ ಕತ್ತಿನ ನರ ನೋಡಿ ತಿಳಿಯುತ್ತೇವೆ. ಬರೀ ಆಡಿಯೋ ಕೇಳಿ ಹೇಳುವುದು ಕಷ್ಟ.

ನನಗೆ ಹಿಂದಿ ಅಷ್ಟಕ್ಕಷ್ಟೆ. ನಾನು ಅಂಕ ಕೊಡಬಹುದಾ?

ಎಳೆದು ಹೇಳಿದ ಸ್ವರಕ್ಕೆ ಧೈರ್ಯವಾಗಿ ಕೊಡಿ. ವಾಕ್ಯ ಮತ್ತು ಮಾತುಕತೆಗೆ ಅಂಕ ಕೊಡುವಾಗ ಹಿಂದಿ ಚೆನ್ನಾಗಿ ಬಲ್ಲ ಸಹೋದ್ಯೋಗಿ ಜೊತೆಗಿದ್ದರೆ ಒಳ್ಳೆಯದು. ಇಬ್ಬರೂ ಮೊದಲು ಬೇರೆ ಬೇರೆ ಗೀಟು ಹಾಕಿ, ಆಮೇಲೆ ಹೋಲಿಸಿ. ವ್ಯತ್ಯಾಸ ಬಂದ ಕಡೆ ರೆಕಾರ್ಡಿಂಗ್ ಮತ್ತೆ ಹಾಕಿ ಕೇಳಿ. ಮೈಸೂರಿನ ಆಯಿಷ್‌ನಲ್ಲಿ, ಅಂದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ದೇಶದ ಎಲ್ಲ ಕಡೆಯ ಹುಡುಗ ಹುಡುಗಿಯರು ಓದುತ್ತಾರೆ. ಅಂಥ ಕಡೆ ಈ ಜೋಡಿ ಸಿಗುವುದು ಕಷ್ಟವಿಲ್ಲ. ಹಿಂದಿ ಊರಿನಿಂದ ಬಂದು ಇಲ್ಲಿ ಕನ್ನಡದ ರೋಗಿಗಳನ್ನು ನೋಡುವ ಥೆರಪಿಸ್ಟ್‌ಗೂ ಇದೇ ಮಾತು, ತಿರುವುಮುರುವಾಗಿ.

'ಹಿಂದಿ' ಅಂದರೆ ಯಾವ ಹಿಂದಿ?

2011ರ ಜನಗಣತಿಯಲ್ಲಿ ಹಿಂದಿ ಭಾಷೆಯವರು ಅಂತ ಎಣಿಸಿದ್ದು ಸುಮಾರು 52.8 ಕೋಟಿ ಜನರನ್ನು. ಆ ಲೆಕ್ಕದ ಒಳಗೇ ಭೋಜ್‌ಪುರಿಯ 5 ಕೋಟಿಗೂ ಜಾಸ್ತಿ ಜನ ಇದ್ದಾರೆ. ರಾಜಸ್ಥಾನಿ, ಛತ್ತೀಸ್‌ಗಢಿ, ಮಗಹಿ ಎಲ್ಲವೂ ಅದರೊಳಗೇ ಸೇರಿವೆ. ಕಟ್ಟಡ ಕೆಲಸಕ್ಕೆ ಬಂದ ಬಿಹಾರದ ಅಣ್ಣನ ಹಿಂದಿಯೂ ದೆಹಲಿಯಿಂದ ಬಂದ ಐಟಿ ಹುಡುಗಿಯ ಹಿಂದಿಯೂ ಒಂದೇ ಥರ ಕೇಳುವುದಿಲ್ಲ. ಮುಖ್ಯವಾಗಿ ಐ, ಔ ಸ್ವರಗಳು. ದೆಹಲಿ ಕಡೆ ಒಂದೇ ಚಪ್ಪಟೆ ಸ್ವರವಾಗಿ ಬರುತ್ತವೆ, ಪೂರ್ವದ ಕಡೆ ನಮ್ಮ ಹಾಗೆ ಎರಡು ಸ್ವರ ಕೂಡಿಸಿ ಹೇಳುತ್ತಾರೆ. ಇದನ್ನು ಧ್ವನಿಯ ತೊಂದರೆಯ ಲೆಕ್ಕಕ್ಕೆ ತರಬೇಡಿ. ಉಚ್ಚಾರ ಬೇರೆ, ಧ್ವನಿ ಬೇರೆ.

ರೋಗಿಗೆ ಓದು ಬರುವುದಿಲ್ಲ. ಏನು ಮಾಡುವುದು?

ನೀವು ಹೇಳಿ, ಅವರು ಮರುನುಡಿಯಲಿ. ಮೂಲ ಪದ್ಧತಿಯಲ್ಲೇ ಇದಕ್ಕೆ ಅವಕಾಶ ಇದೆ. 'ಹೇಳಿಕೊಟ್ಟು ಹೇಳಿಸಿದ್ದು' ಅಂತ ಫಾರ್ಮಿನಲ್ಲಿ ಬರೆಯಲೇಬೇಕು. ಯಾಕೆಂದರೆ ಜನ ಮರುನುಡಿಯುವಾಗ ಮಾತಿನ ಜೊತೆ ಧ್ವನಿಯನ್ನೂ ಅನುಕರಿಸುತ್ತಾರೆ. ನೀವು ಏರುಧ್ವನಿಯಲ್ಲಿ ಹೇಳಿದರೆ ಅವರೂ ಏರಿಸುತ್ತಾರೆ. ಇಡೀ ದಿನ ಮಾತಾಡಿ ನಿಮ್ಮ ಗಂಟಲೇ ಕಟ್ಟಿದ್ದರೆ ಇನ್ನೂ ಫಜೀತಿ. ಒಳ್ಳೆಯ ಹಿಂದಿ ಮಾತುಗಾರರೊಬ್ಬರ ಧ್ವನಿಯಲ್ಲಿ ಆರು ವಾಕ್ಯ ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಂಡು ಅದನ್ನೇ ಎಲ್ಲರಿಗೂ ಕೇಳಿಸುವುದು ವಾಸಿ.

ನಾವೇ ಹೇಳಿಕೊಡುವುದಾದರೆ ಬರೆದ ಹಾಗೆ ಓದಬೇಡಿ. ಹಿಂದಿಯಲ್ಲಿ ಪದದ ಕೊನೆಯ 'ಅ' ಬಿದ್ದುಹೋಗುತ್ತದೆ, ಎಷ್ಟೋ ಸಲ ನಡುವಿನದೂ. 'ಇಮಲೀ' ಬಾಯಲ್ಲಿ 'ಇಮ್ಲೀ' ಆಗುತ್ತದೆ. ಕನ್ನಡದ ಅಭ್ಯಾಸದಲ್ಲಿ ಎಲ್ಲ ಅಕ್ಷರ ಬಿಡಿಬಿಡಿಯಾಗಿ ಹೇಳಿದರೆ ರೋಗಿಯೂ ಪಾಪ ಹಾಗೇ ತಡವರಿಸುತ್ತಾರೆ.

ಮಾತುಕತೆಯ ಭಾಗದಲ್ಲಿ ರೋಗಿಗಳು ಧ್ವನಿ ಬಿಟ್ಟು ಬೇರೆ ಏನೇನೋ ಹೇಳುತ್ತಾರಲ್ಲ?

ಹೇಳಲಿ ಬಿಡಿ. 'ಆಪ್ ಕೋ ಆವಾಜ಼್ ಮೇಂ ಕ್ಯಾ ತಕ್ಲೀಫ್ ಹೈ' (ನಿಮ್ಮ ಧ್ವನಿಗೆ ಏನು ತೊಂದರೆ) ಅಂದರೆ ಎಷ್ಟೋ ಜನ 'ಗಲಾ ಖರಾಬ್ ಹೈ' (ಗಂಟಲು ಕೆಟ್ಟಿದೆ) ಅಂತ ಶುರುಮಾಡಿ ಕೆಮ್ಮು, ಉರಿ, ಕಫ ಎಲ್ಲ ಹೇಳುತ್ತಾರೆ. ನಮ್ಮ ಕಡೆ 'ಗಂಟಲು ಕಟ್ಟಿದೆ' ಅನ್ನುವ ಹಾಗೇ ಅವರಲ್ಲಿ 'ಗಲಾ ಬೈಠ್ ಗಯಾ'. ನಮಗೆ ಬೇಕಾದ್ದು ಸಹಜವಾಗಿ ಹರಿಯುವ 20 ಸೆಕೆಂಡ್ ಮಾತು. ವಿಷಯ ಯಾವುದಾದರೇನು?

ರೋಗಿಯೇ ತುಂಬುವ ಪ್ರಶ್ನಾವಳಿಗಳನ್ನು ಅನುವಾದ ಮಾಡಬಹುದಾ?

ಅವನ್ನು ಮಾಡಬಹುದು, ಯಾಕೆಂದರೆ ಅಲ್ಲಿ ಅರ್ಥವೇ ಮುಖ್ಯ. ವಿಎಚ್‌ಐ ಅನ್ನುವುದು 1997ರಲ್ಲಿ ಬಂದ ಪ್ರಶ್ನಾವಳಿ. 30 ಹೇಳಿಕೆ, ಒಂದೊಂದಕ್ಕೆ 0ಯಿಂದ 4, ಒಟ್ಟು 120. ಧ್ವನಿ ಕೆಟ್ಟಿದ್ದರಿಂದ ದಿನದ ಬದುಕಿಗೆ, ಮನಸ್ಸಿಗೆ, ಗಂಟಲಿಗೆ ಎಷ್ಟು ತೊಂದರೆ ಅಂತ ರೋಗಿಯೇ ಹೇಳುತ್ತಾರೆ. ಇದರ ಹಿಂದಿ ರೂಪ 2011ರಲ್ಲಿ ಪ್ರಕಟವಾಗಿದೆ. ಒಬ್ಬರು ಹಿಂದಿಗೆ ತರುವುದು, ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸುವುದು, ಎರಡನ್ನೂ ಹೋಲಿಸುವುದು ಇಂಥ ಕೆಲಸದಲ್ಲಿ ರೂಢಿ.

ಇಲ್ಲೂ ಸಿಕ್ಕು ಇಲ್ಲದೇ ಇಲ್ಲ. ಉತ್ತರಗಳು ಐದು: ಕಭೀ ನಹೀಂ, ಲಗ್‌ಭಗ್ ಕಭೀ ನಹೀಂ, ಕಭೀ ಕಭೀ, ಲಗ್‌ಭಗ್ ಹಮೇಶಾ, ಹಮೇಶಾ. ಅಂದರೆ ಎಂದೂ ಇಲ್ಲ, ಹೆಚ್ಚುಕಡಿಮೆ ಎಂದೂ ಇಲ್ಲ, ಆಗಾಗ, ಹೆಚ್ಚುಕಡಿಮೆ ಯಾವಾಗಲೂ, ಯಾವಾಗಲೂ. ಇದನ್ನು ಗಟ್ಟಿಯಾಗಿ ಓದಿ ಹೇಳಿದರೆ 'ಲಗ್‌ಭಗ್' ಇರುವ ಎರಡನ್ನು ಜನ ಕಿವಿಗೇ ಹಾಕಿಕೊಳ್ಳುವುದಿಲ್ಲ. ಐದು ಮೆಟ್ಟಿಲು ಮೂರಾಗಿಬಿಡುತ್ತದೆ. ಐದು ಗಾತ್ರದ ಚುಕ್ಕಿ ಬರೆದು ಬೆರಳಿಟ್ಟು ತೋರಿಸಲು ಹೇಳಿದರೆ ಸುಲಭ.

ಇನ್ನು ಆದಾಯ ಕಡಿಮೆಯಾಗಿದೆಯಾ ಅನ್ನುವ ಥರದ ಹೇಳಿಕೆ. ಮನೆಕೆಲಸದಲ್ಲೇ ಇರುವ ಗೃಹಿಣಿ ಅದಕ್ಕೆ ಸೊನ್ನೆ ಹಾಕುತ್ತಾರೆ. ಮನೆಯವರನ್ನು ಕೂಗಿ ಕರೆದಾಗ ಕೇಳಿಸುತ್ತದಾ ಅನ್ನುವುದಕ್ಕೆ, ಹಿರಿಯರ ಮುಂದೆ ದನಿ ಏರಿಸದ ಸೊಸೆ 'ನಾನು ಕೂಗುವುದೇ ಇಲ್ಲವಲ್ಲ' ಅಂತ ಅದಕ್ಕೂ ಸೊನ್ನೆ ಹಾಕಬಹುದು. ಒಟ್ಟು ಅಂಕ ಕಡಿಮೆ ಬಂತು ಅಂತ ತೊಂದರೆ ಕಡಿಮೆ ಅಂದುಕೊಳ್ಳಬೇಡಿ. ಯಾವ ಹೇಳಿಕೆಗೆ ಸೊನ್ನೆ ಬಿತ್ತು ಅಂತ ನೋಡಿ.

'ಸ್' ಮತ್ತು 'ಜ಼್' ಎಳೆಸುವ ಪರೀಕ್ಷೆಗೆ ಹಿಂದಿಯವರಲ್ಲಿ ತೊಂದರೆ ಇಲ್ಲ ಅಲ್ವಾ? ಅವರಲ್ಲಿ 'ಜ಼' ಇದೆಯಲ್ಲ.

ಬರವಣಿಗೆಯಲ್ಲಿ ಇದೆ. ಫಾರ್ಸಿ, ಅರಬ್ಬಿ ಕಡೆಯಿಂದ ಬಂದ 'ಜ಼್ಯಾದಾ', 'ಆವಾಜ಼್' ಥರದ ಪದಗಳಲ್ಲಿ. ಆದರೆ ಎಷ್ಟೋ ಜನ, ಅದರಲ್ಲೂ ಪೂರ್ವದ ಕಡೆಯವರು, 'ಜ್ಯಾದಾ', 'ಆವಾಜ್' ಅಂತಲೇ ಅನ್ನುತ್ತಾರೆ. 'ಜ್' ಎಳೆಯೋಕೆ ಬರುವುದಿಲ್ಲ, ನಾಲಿಗೆ ಅಂಗುಳಕ್ಕೆ ಅಂಟಿ ನಿಂತುಬಿಡುತ್ತದೆ. ಅದನ್ನು ಎರಡೇ ಸೆಕೆಂಡ್ ಅಂತ ಬರೆದುಕೊಂಡರೆ, 'ಸ್' ಎಳೆದ ಸಮಯವನ್ನು 'ಜ಼್' ಎಳೆದ ಸಮಯದಿಂದ ಭಾಗಿಸಿ ಬರುವ ಅನುಪಾತ ಏರುತ್ತದೆ. 1.4 ದಾಟಿದರೆ ಧ್ವನಿತಂತಿನಲ್ಲಿ ಏನೋ ಇದೆ ಅನ್ನುವ ಹಳೆಯ ಲೆಕ್ಕದಲ್ಲಿ ಆರೋಗ್ಯವಂತರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಜೇನುಹುಳದ ಸದ್ದು ಮಾಡಿಸಿ ಅಭ್ಯಾಸ ಕೊಡಿ. ಆಗಲೂ ಬಾರದಿದ್ದರೆ ಈ ಪರೀಕ್ಷೆ ಬಿಟ್ಟುಬಿಡಿ.

ಕಂಪ್ಯೂಟರ್ ಅಳತೆಗೆ ಭಾಷೆ ಗೀಷೆ ಲೆಕ್ಕಕ್ಕಿಲ್ಲ ತಾನೇ?

ಹಾಗೇನಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಪ್ರಾಟ್ ಅನ್ನುವ ಉಚಿತ ಸಾಫ್ಟ್‌ವೇರ್ ಈಗ ಎಲ್ಲರ ಹತ್ತಿರ ಇದೆ. ಎಳೆದ 'ಆ' ಮೇಲೆ ಅಳೆದರೆ ಭಾಷೆಯ ಪ್ರಭಾವ ಕಡಿಮೆ. ಆದರೆ ಎವಿಕ್ಯೂಐ ಥರದ ಸೂಚ್ಯಂಕಗಳು ಎಳೆದ ಸ್ವರದ ಜೊತೆ ಓದಿದ ಮಾತನ್ನೂ ಸೇರಿಸಿ ಒಂದು ಸಂಖ್ಯೆ ಕೊಡುತ್ತವೆ. ಮಾತು ಬದಲಾದರೆ ಸಂಖ್ಯೆಯೂ ಅಲ್ಲಾಡುತ್ತದೆ. ಡಚ್ ಭಾಷೆಯವರಲ್ಲಿ ಕಂಡುಕೊಂಡ ಗಡಿಯನ್ನು ತಂದು ಹಿಂದಿಯವರ ಮೇಲೆ ಹೇರಬಾರದು. ಕನ್ನಡ ಮಾತಾಡುವವರಲ್ಲಿ ಎವಿಕ್ಯೂಐ ಹೇಗೆ ಬರುತ್ತದೆ ಅಂತ ಮೈಸೂರಿನ ಆಯಿಷ್‌ನಲ್ಲಿ ಕೆಲಸ ನಡೆದಿರುವುದು ಈ ಕಾರಣಕ್ಕೇ.

ಪಿಚ್ ಎಷ್ಟಿದ್ದರೆ ಸರಿ ಅಂತ ಯಾರು ಹೇಳಬೇಕು?

ಕೇಪ್-ವಿ ಪ್ರಕಾರ, ಆ ವ್ಯಕ್ತಿಯ ಲಿಂಗ, ವಯಸ್ಸು ಮತ್ತು ಸಂಸ್ಕೃತಿಗೆ ಹೋಲಿಸಿ ನೋಡಬೇಕು. ಗಟ್ಟಿತನಕ್ಕೂ ಹಾಗೇ. ಸಂತೆಯಲ್ಲಿ ತರಕಾರಿ ಕೂಗುವವರ ಮಾಮೂಲಿ ದನಿ ನಮ್ಮ ಮುಚ್ಚಿದ ಕೋಣೆಯಲ್ಲಿ ಜೋರು ಅನಿಸುತ್ತದೆ. ಮನೆಯವರನ್ನು ಕೇಳಿ, 'ಇವರು ಮೊದಲಿಂದಲೂ ಹೀಗೇನಾ?' ಅಂತ.

ವಾಟ್ಸಾಪ್‌ನಲ್ಲಿ ಬಂದ ವಾಯ್ಸ್ ಮೆಸೇಜ್ ಕೇಳಿ ಅಂಕ ಕೊಡಬಹುದಾ?

ಬೇಡ. ಅದು ಧ್ವನಿಯನ್ನು ಕುಗ್ಗಿಸಿ ಕಳಿಸುತ್ತದೆ. ಫೋನು ತಾನೇ ಗದ್ದಲ ತೆಗೆಯಲು ಹೋಗಿ ಸೋರುವ ಗಾಳಿಯ ಸದ್ದನ್ನೂ ತೆಗೆದುಬಿಡಬಹುದು. ನಾವು ಹುಡುಕುತ್ತಿದ್ದದ್ದೇ ಅದು! ಕೇಪ್-ವಿ ಹೇಳುವುದು: ಕಂಡೆನ್ಸರ್ ಮೈಕ್, ಬಾಯಿಂದ 4 ಸೆಂಟಿಮೀಟರ್ ದೂರ, ನೇರ ಎದುರಿಗಲ್ಲದೆ 45 ಡಿಗ್ರಿ ಪಕ್ಕಕ್ಕೆ, 16 ಬಿಟ್, ಸೆಕೆಂಡಿಗೆ 20 ಸಾವಿರಕ್ಕೆ ಕಡಿಮೆ ಇಲ್ಲದ ಸ್ಯಾಂಪಲ್. ಮಹಾಪ್ರಾಣ ಜಾಸ್ತಿ ಇರುವ ಭಾಷೆಗೆ ಮೈಕ್ ಪಕ್ಕಕ್ಕಿಡುವುದು ಇನ್ನೂ ಮುಖ್ಯ. ಎದುರಿಗಿಟ್ಟರೆ ಪ್ರತಿ 'ಫ', 'ಖ'ಕ್ಕೂ ಗಾಳಿ ಮೈಕಿಗೆ ಬಡಿಯುತ್ತದೆ. ಫ್ಯಾನ್ ಆರಿಸುವುದನ್ನು ಮರೆಯಬೇಡಿ.

ಅಂಕ ಜಾಸ್ತಿ ಬಂದಿದೆ. ಕ್ಯಾನ್ಸರ್ ಇರಬಹುದಾ?

ಈ ಅಂಕ ಕಾಯಿಲೆಯ ಹೆಸರು ಹೇಳುವುದಿಲ್ಲ. ಪಾಠ ಮಾಡಿ ಮಾಡಿ ಗಂಟಾದ ಟೀಚರಿಗೂ, ಬೀಡಿ ಸೇದಿ ಗಂಟಲು ಕೆಡಿಸಿಕೊಂಡವರಿಗೂ ಒಂದೇ ಅಂಕ ಬರಬಹುದು. ಧ್ವನಿ ಕೂತು ನಾಲ್ಕು ವಾರ ಆದರೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಗಂಟಲೊಳಗೆ ನೋಡಿಸಲೇಬೇಕು. ತಂಬಾಕಿನ ಅಭ್ಯಾಸ ಇದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟ ಆಗುತ್ತಿದ್ದರೆ ಅಷ್ಟು ದಿನವೂ ಕಾಯಬೇಡಿ.

ಇದೇ ಕೆಲಸ ಕನ್ನಡದಲ್ಲಿ ಮಾಡುವವರು ಏನು ಗಮನಿಸಬೇಕು?

ಹಿಂದಿಯ ವಾಕ್ಯಗಳನ್ನು ಕನ್ನಡಕ್ಕೆ ಇಳಿಸಿಕೊಳ್ಳಬೇಡಿ, ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೀರಿ. ಕನ್ನಡಕ್ಕೆ ತನ್ನದೇ ಅನುಕೂಲ ಇದೆ. ಹೆಚ್ಚು ಕಡಿಮೆ ಎಲ್ಲ ಪದವೂ ಸ್ವರದಲ್ಲೇ ಮುಗಿಯುವುದರಿಂದ ಒಂದು ಪದದಿಂದ ಇನ್ನೊಂದಕ್ಕೆ ಧ್ವನಿ ತುಂಡಾಗದೆ ಹರಿಯುತ್ತದಾ ಅಂತ ನೋಡುವುದು ಸುಲಭ.

ತೊಡಕು ಬರುವುದು 'ಹ' ಮತ್ತು ಮೊದಲಕ್ಷರದ ಸ್ವರಗಳಲ್ಲಿ. ಹಳೇ ಮೈಸೂರಿನ ಹಳ್ಳಿ ಕಡೆಯ ಎಷ್ಟೋ ಜನರ ಬಾಯಲ್ಲಿ 'ಹಾಲು' 'ಆಲು' ಆಗುತ್ತದೆ, 'ಹೋಗು' 'ಓಗು' ಆಗುತ್ತದೆ. 'ಹ' ಹೇಳಿಸಿ ಮೆತ್ತಗಿನ ಆರಂಭ ನೋಡೋಣ ಅಂತ ಕೂತರೆ ಸಿಗುವುದು ನೇರ ಸ್ವರ. ಅತ್ತ ಸ್ವರದಿಂದ ಶುರುವಾಗಲಿ ಅಂತ 'ಎಲೆ', 'ಒಂದು' ಇಟ್ಟರೆ ಹಲವರ ಬಾಯಲ್ಲಿ 'ಯೆಲೆ', 'ವೊಂದು' ಅಂತ ಬರುತ್ತದೆ. ಆ ಯ, ವ ಗಂಟಲಿನ ಪೆಟ್ಟನ್ನು ಮೆತ್ತಗೆ ಮಾಡಿಬಿಡುತ್ತವೆ. ಹಾಗಾಗಿ ಈ ವಾಕ್ಯಕ್ಕೆ ಅ, ಆಗಳೇ ಗಟ್ಟಿ: 'ಅಮ್ಮ, ಅಕ್ಕ, ಅಜ್ಜಿ ಆಟ ಆಡಿದರು' ಅನ್ನುವ ಥರದ್ದನ್ನು ಮಂಡ್ಯದವರ ಬಾಯಲ್ಲೂ ಧಾರವಾಡದವರ ಬಾಯಲ್ಲೂ ಮಂಗಳೂರಿನವರ ಬಾಯಲ್ಲೂ ಹೇಳಿಸಿ ನೋಡಿ, ಆಮೇಲೆ ಫಾರ್ಮಿಗೆ ಹಾಕಿ.